ಮಹಾಪ್ರಾಣ

ಸಿಂಧನೂರಿನ ತಹಶೀಲ್ದಾರ್ ಕಚೇರಿ ಮುಂದೆ
ಬೇವಿನ ಗಿಡದ ಕೆಳಗೆ ಮೂವತ್ತೆಂಟು ವರ್ಷ
ಅರ್ಜಿ ಬರೆದವನು ನಾನು.
ಹಾಳೆಗೆ ಮೊದಲು ಒಂದು ರೂಪಾಯಿ, ಆಮೇಲೆ ಐದು, ಆಮೇಲೆ ಇಪ್ಪತ್ತು.
ಕಂಪ್ಯೂಟರ್ ಬಂದ ಮೇಲೆ ಟೈಪ್‌ರೈಟರು ಅಟ್ಟ ಸೇರಿತು,
ನಾನು ಹುಲಿಗೆಮ್ಮ ವಕೀಲರ ಕೋಣೆ ಸೇರಿದೆ.

ಕೋಣೆ ಅಂದರೆ ಗೊಬ್ಬರದಂಗಡಿಯ ಮಾಳಿಗೆ.
ಯೂರಿಯಾದ ಘಾಟು, ನಾಲ್ಕು ಕುರ್ಚಿ, ಕೆಮ್ಮುವ ಜೆರಾಕ್ಸ್ ಮಷೀನು.
ಫೀಸು ಐವತ್ತು. ಇಲ್ಲದವರು ಇದ್ದಷ್ಟು.
ಏನೂ ಇಲ್ಲದವರಿಗೂ ರಸೀದಿ ಹರಿದು ಕೊಡಬೇಕು:
"ಪುಕ್ಕಟೆ ಅಂದ್ರ ಭಿಕ್ಷಾ ಅನಸ್ತದ ದ್ಯಾವಣ್ಣ,
ಸೊನ್ನೆ ರೂಪಾಯಿ ಅಂತ ಬರೀರಿ, ಸಹಿ ಮಾಡ್ರಿ."

ಆ ಮಂಗಳವಾರ ಕ್ಯಾಂಪ್ ಮೂರರಿಂದ ಸುಬಾಸಿನಿ ಬಂದಳು,
ತೊಡೆಯ ಮೇಲೆ ಬಿಸ್ಕತ್ತಿನ ಡಬ್ಬಿ.
ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ನಮ್ಮ ಮಾತು:
"ತೋರಣಗಲ್ಲಿನ ಗೇಟಿನಾಗ ನನ್ನ ಗಂಡನ್ನ ಹಿಡಕೊಂಡು ಹೋಗ್ಯಾರ್ರೀ.
ಗಡಿ ದಾಟಿ ಬಂದಾನ, ಗಡಿ ದಾಟಸ್ತೀವಿ ಅಂತಾರ.
ಆಂವ ದಾಟಿದ್ದು ಎಡದಂಡಿ ಕಾಲುವಿ ಒಂದ."

ಡಬ್ಬಿಯೊಳಗೆ ರೇಷನ್ ಕಾರ್ಡು, ಕ್ಯಾಂಪ್ ಶಾಲೆಯ ಟಿ.ಸಿ.,
ನೀರಿನ ಕರ ಕಟ್ಟಿದ ಚೀಟಿ,
ಇಲಿ ಅಂಚು ತಿಂದ ಮಾವನ ನಿರಾಶ್ರಿತ ಕಾರ್ಡು.
ನಿಬಾರಣ್ ಮೃಧಾ, ತಂದೆ ಜೋಗೇನ್ ಮೃಧಾ.
ತಳದಲ್ಲಿ ಮಡಿಕೆ ಹರಿದ ಒಂದು ಹಾಳೆ,
ಪೌರತ್ವ ಬೇಡಿದ ಅರ್ಜಿಯ ನಕಲು, ಎಂಬತ್ತೆಂಟರದು.

ಓದುವ ಮೊದಲೇ ಗುರುತು ಹತ್ತಿತು.
ವಟ್ರಸುಳಿ ಕೂದಲೆಳೆ ಜಾರಿ ಕೂರುವ ಆ ಟೈಪು
ನನ್ನದೇ.
'ಅರ್ಜಿದಾರ: ಜೋಗೇನ್ ಮೃತ.'

ಪಕ್ಕದಲ್ಲಿ ಯಾವನೋ ಸಾಹೇಬನ ಕೆಂಪು ಶಾಯಿ:
ಅರ್ಜಿದಾರ ಮೃತನಾದ ಕಾರಣ ಕಡತ ಮುಕ್ತಾಯ.
ಸತ್ತವನು ಹೆಬ್ಬೆಟ್ಟು ಹೇಗೆ ಒತ್ತಿದ, ಯಾರೂ ಕೇಳಲಿಲ್ಲ.
ಎರಡು ವರ್ಷ ಕಳೆದು ಸತ್ತವನಿಗೆ ಮಗ ಹುಟ್ಟಿದ.
ಆ ಮಗನನ್ನು ಈಗ ಕೇಳುತ್ತಿದ್ದಾರೆ,
ನಿನ್ನಪ್ಪ ಯಾವ ದೇಶದವನು?

ನೆನಪಿದೆ ಎಂದರೆ ಸುಳ್ಳು, ಇಲ್ಲ ಎಂದರೂ ಸುಳ್ಳು.
ಲುಂಗಿಗೆ ಗದ್ದೆಯ ಕೆಸರು ಮೆತ್ತಿದ ಒಬ್ಬ
ಮೂರು ಸಲ ಹೆಸರು ಹೇಳಿದ್ದ.
ಹಿಂದೆ ಹನ್ನೆರಡು ಜನರ ಸಾಲು, ನನಗೆ ಚಹಾದ ಹೊತ್ತು.
ನಮ್ಮ ಕಡೆ ನಾಲಿಗೆಯ ಮೇಲೆ ಮಹಾಪ್ರಾಣ ನಿಲ್ಲುವುದಿಲ್ಲ,
ಧನ ಹೋಗಿ ದನವಾಗುತ್ತದೆ, ನಗುತ್ತೇವೆ.
ಕನ್ನಡ ಓದಲು ಬಾರದ ಮನುಷ್ಯ
ಮೃತ ಎಂಬುದರ ಕೆಳಗೆ
ಬೆಚ್ಚಗಿನ ಹೆಬ್ಬೆಟ್ಟು ಒತ್ತಿ
ನಮಸ್ಕಾರ ಹೇಳಿ ಹೋಗಿದ್ದ.

ಸುಮ್ಮನಿರಬಹುದಿತ್ತು.
ಜೆರಾಕ್ಸ್ ಮಾಡುವ ನೆಪದಲ್ಲಿ ಎದ್ದು ನಿಂತೆ ಕೂಡ.
ಮಷೀನಿನ ಬೆಳಕು ಹಾಳೆಯ ಕೆಳಗೆ ಹಾದು ಹೋಯಿತು,
ಹೆಬ್ಬೆಟ್ಟಿನ ಗೆರೆ ಗೆರೆಯೂ ನಿಚ್ಚಳ.
ಹೇಳಿಬಿಟ್ಟೆ.

ಹುಲಿಗೆಮ್ಮ ಬೈಯಲಿಲ್ಲ. ಕನ್ನಡಕ ಒರೆಸಿಕೊಂಡರು.
"ಹಂಗಾರ ಸಾಕ್ಷಿ ನೀವ. ಟೈಪ್ ಮಾಡ್ರಿ."

ದ್ಯಾವಣ್ಣ ಬಿನ್ ಹನುಮಂತಪ್ಪ, ವಯಸ್ಸು ಅರವತ್ತನಾಲ್ಕು,
ಪ್ರಮಾಣ ಮಾಡಿ ಹೇಳುವುದೇನೆಂದರೆ,
ಸದರಿ ದಿನ ಸದರಿ ಜೋಗೇನ್ ಮೃಧಾ ಉಸಿರಾಡುತ್ತಿದ್ದ.
ನನ್ನೆದುರು ನಿಂತು ತನ್ನ ಹೆಸರು ಹೇಳಿದ.
ಸತ್ತದ್ದು ನನ್ನ ಕೈಯ ಅಕ್ಷರ.

ಕೊನೆಯ ಸಾಲು ವಕೀಲರು ಹೊಡೆದು ಹಾಕಿದರು,
ಕೋರ್ಟಿಗೆ ಅದು ಬೇಕಿಲ್ಲವಂತೆ.

ಸುಬಾಸಿನಿ ಸೆರಗಿನ ಗಂಟು ಬಿಚ್ಚಿ ಮೂವತ್ತು ಎಣಿಸಿದಳು.
ರಸೀದಿಗೆ ಪೆನ್ನು ಹಚ್ಚಿ ಕೇಳಿದೆ, ಹೆಸರು ಇನ್ನೊಮ್ಮೆ ಹೇಳವ್ವ.
ಹೇಳಿದಳು. ನಾನೂ ಎದೆಯಿಂದ ಗಾಳಿ ಎಳೆದು ಹೇಳಿ ನೋಡಿದೆ.
ದ ಬರೆದು ಅದರ ಹೊಟ್ಟೆ ಸೀಳಿದೆ.

ಹತ್ತೊಂಬತ್ತಕ್ಕೆ ಪೀಠದ ಮುಂದೆ ಬರುತ್ತದೆ ಕೇಸು.
ಬೆಳಗಿನ ಜಾವ ನಾಲ್ಕಕ್ಕೆ ಬಸ್ ಸ್ಟ್ಯಾಂಡಿನಲ್ಲಿ
ನಾವು ಮೂವರು, ಒಂದು ಡಬ್ಬಿ.
ಬಸ್ಸಿನ ಬೋರ್ಡಿನ ಬಣ್ಣ ಉದುರಿ
'ದಾರವಾಡ' ಎಂದಾಗಿದೆ.
ಕಂಡಕ್ಟರ್ ಸೀಟಿ ಊದಿದ.
ಯಾರೂ ಅದನ್ನು ತಡೆದು ನಿಲ್ಲಿಸಲಿಲ್ಲ.